ಪಳ್ಳಿ ಕೆಡವುವ ಮೊದಲು ವಿಜಯಪುರಕ್ಕೊಮ್ಮೆ ಹೋಗಿ ಬನ್ನಿ

ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯ ನಮ್ಮ ಬ್ಯಾರಿ ಕುಟುಂಬಗಳು ವ್ಯಾನು ಮಾಡಿಕೊಂಡು ವಿಜಯಪುರಕ್ಕೆ ಹೊರಡುವುದು ಈಗ ಮಾಮೂಲಾಗಿದೆ. ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆ ಇಳಿದರೆ ನಮ್ಮ ಕೊಪ್ಪಳ ಜಿಲ್ಲೆ. ಕುಷ್ಟಗಿಯಲ್ಲಿ ಚಹಾ, ಇಳಕಲ್‌ನಲ್ಲಿ ಹೆಂಗಸರಿಗೆ ಸೀರೆ, ಅಸರಿನ ಹೊತ್ತಿಗೆ ವಿಜಯಪುರ. ಗೋಲಗುಮ್ಮಟದ ಮೇಲೆ ಹತ್ತಿ ಮಕ್ಕಳು ಕೂಗಾಡುತ್ತಾರೆ, ಇಬ್ರಾಹಿಂ ರೋಜಾದ ಎದುರು ಎಲ್ಲರೂ ನಿಂತು ಫೋಟೋ ತೆಗೆಯುತ್ತಾರೆ. ಅಲ್ಲಿಗೆ ವಿಜಯಪುರ ಮುಗಿಯಿತು. ಜಾಮಿಯಾ ಮಸೀದಿಗೆ ಹೋದಿರಾ ಎಂದು ಕೇಳಿದರೆ, "ಹೌದು ಉಸ್ತಾದ್, ಅಲ್ಲೇ ಮಗ್ರಿಬ್ ಮಾಡಿದ್ದು" ಎನ್ನುತ್ತಾರೆ. ಮೂರು ರಕಅತ್ ಮಾಡಿದ್ದು ನಿಜ, ಆದರೆ ಪಳ್ಳಿಯನ್ನು ನೋಡಿದ್ದು ಕಡಿಮೆ.

ಇದನ್ನು ಬರೆಯಲು ಒಂದು ಕಾರಣವಿದೆ. ನಾನು ಕಲಿಸುವುದು ಗಂಗಾವತಿ ಕಡೆ, ಕುಟುಂಬದ ಬೇರು ಮಾತ್ರ ಕರಾವಳಿಯಲ್ಲಿ. ಊರಿನಿಂದ ಮೊಬೈಲಿಗೆ ತಿಂಗಳಿಗೆ ಒಂದಾದರೂ ಪಳ್ಳಿ ಪೋಸ್ಟರ್ ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಹಸಿರು ಗುಮ್ಮಟ, ಎರಡು ಎತ್ತರದ ಮಿನಾರ, ಎದುರಲ್ಲಿ ನಮ್ಮೂರಲ್ಲಿ ಬೆಳೆಯದ ಖರ್ಜೂರದ ಮರ. ಕೆಳಗೆ ಬ್ಯಾಂಕ್ ಖಾತೆ ನಂಬರ್. ಮೂಲೆಯಲ್ಲಿ ಸಣ್ಣದಾಗಿ ಹಳೆಯ ಪಳ್ಳಿಯ ಫೋಟೋ: ಹೆಂಚಿನ ಮಾಡು, ಮರದ ಕಂಬ, ಮುರಕಲ್ಲಿನ ಗೋಡೆ, ಪಾಗಾರದ ಬದಿಯಲ್ಲಿ ಹೌಳ್. ಅದನ್ನು ಕೆಡವುತ್ತಾರೆ. ಕೆಲವು ಕಡೆ ಕೆಡವಲೇಬೇಕಾದ ಸ್ಥಿತಿ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಹಲವು ಕಡೆ ಕಾರಣ ಕೇಳಿದರೆ ಸಿಗುವ ಉತ್ತರ ಎರಡೇ. ಒಂದು, "ಹಳೇದಾಯ್ತು ಉಸ್ತಾದ್." ಇನ್ನೊಂದು, ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವುದು, ಪಕ್ಕದ ಮಹಲ್ಲಿನವರು ಕಟ್ಟಿದ್ದಾರೆ.

ಹಾಗಾಗಿ ನನ್ನದೊಂದು ಸಲಹೆ. ಹಳೆಯ ಪಳ್ಳಿ ಕೆಡವಲು ಜಮಾಅತ್ ಸಭೆ ಕರೆಯುವ ಮೊದಲು ಕಮಿಟಿಯವರು ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಒಂದು ಗಂಟೆ ಕುಳಿತು ಬರಲಿ. ನಮಾಝ್ ಮುಗಿಸಿ ಎದ್ದು ಓಡದೆ, ಸುಮ್ಮನೆ ಗೋಡೆಗೊರಗಿ ಕುಳಿತು ಮೇಲೆ ನೋಡಲಿ.

ಆ ಮಸೀದಿ ಕಟ್ಟಲು ಶುರು ಮಾಡಿದ್ದು ಒಂದನೇ ಅಲಿ ಆದಿಲ್ ಶಾಹ. ಅವನ ಆಳ್ವಿಕೆ 1557ರಿಂದ 1580ರವರೆಗೆ. ಒಟ್ಟು ವಿಸ್ತಾರ ಲಕ್ಷ ಚದರಡಿಗೂ ಮಿಕ್ಕಿದ್ದು. ನಮ್ಮ ಕಡೆಯ ದೊಡ್ಡ ಜುಮಾ ಮಸೀದಿಗಳನ್ನು ತಂದಿಟ್ಟರೂ ಅದರ ಅಂಗಳ ತುಂಬದು. ಆದರೆ ನನಗೆ ಬೆರಗು ಅದರ ಗಾತ್ರದಲ್ಲಿಲ್ಲ, ಅದರ ಲೆಕ್ಕದಲ್ಲಿದೆ. ಒಳಗಿನ ಹಾಲು ಅಗಲಕ್ಕೆ ಒಂಬತ್ತು ಅಂಕಣ, ಆಳಕ್ಕೆ ಐದು ಅಂಕಣ. ಒಟ್ಟು 45. ಅಂಕಣ ಅಂದರೆ ನಾಲ್ಕು ಕಂಬಗಳ ನಡುವಿನ ಚೌಕ, ನಮ್ಮ ಹಳೆಯ ಮನೆಗಳಲ್ಲೂ ಇದೇ ಲೆಕ್ಕ. ನಟ್ಟನಡುವಿನ ಒಂಬತ್ತು ಅಂಕಣಗಳ ಜಾಗದಲ್ಲಿ ಮಧ್ಯದ ಕಂಬಗಳನ್ನು ಬಿಟ್ಟು ಒಂದೇ ದೊಡ್ಡ ಗುಮ್ಮಟ ಕೂರಿಸಿದ್ದಾರೆ. ಉಳಿದ 36 ಅಂಕಣಗಳಿಗೆ ಒಂದೊಂದು ಚಪ್ಪಟೆ ಗುಮ್ಮಟ. ಒಳಗೆ ನಿಂತು ತಲೆ ಎತ್ತಿದರೆ ಮಾತ್ರ ಅವು ಕಾಣುತ್ತವೆ. ಹೊರಗಿನವರಿಗೆ ತೋರಿಸಿಕೊಳ್ಳುವ ಉದ್ದೇಶ ಅವಕ್ಕಿಲ್ಲ.

ದೊಡ್ಡ ಗುಮ್ಮಟದ ಕೆಳಗೆ ನಿಂತಾಗ ಒಂದು ಪ್ರಶ್ನೆ ಏಳಬೇಕು. ಕೆಳಗೆ ಜಾಗ ಚೌಕ, ಮೇಲೆ ಗುಮ್ಮಟ ಗುಂಡು. ಚೌಕದ ಮೇಲೆ ಗುಂಡಗಿನದ್ದು ಕೂರುವುದು ಹೇಗೆ? ನಾಲ್ಕು ಮೂಲೆಗಳಲ್ಲಿ ಆಧಾರ ಇಲ್ಲದೆ ಬೀಳಬೇಕಲ್ವಾ? ಅಲ್ಲಿನ ಕೆಲಸಗಾರರು ಕಂಡುಕೊಂಡ ಉಪಾಯವೆಂದರೆ ಕಮಾನುಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆಯುವುದು. ಒಂದು ಚೌಕ, ಅದನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಚೌಕ. ಎರಡೂ ಸೇರಿದಾಗ ಎಂಟು ಮೂಲೆಯ ನಕ್ಷತ್ರ, ಅದರ ಒಳಗೆ ಎಂಟು ಬದಿಯ ಆಧಾರ, ಅದರ ಮೇಲೆ ಗುಂಡು. ಚಾಪೆ ಹೆಣೆಯುವವರ ಕೈಚಳಕವನ್ನು ಕಲ್ಲು ಗಾರೆಯಲ್ಲಿ ಮಾಡಿದ ಹಾಗೆ. ಗುಮ್ಮಟ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಕಮಾನುಗಳ ಹೆಣಿಗೆಯ ಭಾರ ಒಳಕ್ಕೆ ಎಳೆಯುತ್ತದೆ, ಎರಡೂ ಒಂದನ್ನೊಂದು ಹಿಡಿದುಕೊಂಡು ನಿಂತಿವೆ. ಇದೇ ವಿದ್ಯೆಯನ್ನು ಮುಂದೆ ಗೋಲಗುಮ್ಮಟದಲ್ಲಿ ದೊಡ್ಡದಾಗಿ ಬಳಸಿದರು. ಒಳಗಿನಿಂದ ಸುಮಾರು 124 ಅಡಿ ಅಗಲದ ಆ ಗುಮ್ಮಟವನ್ನು ನೋಡಿ ಹುಬ್ಬೇರಿಸುವ ನಾವು, ಅದರ ತಾಲೀಮು ನಡೆದ ಪಳ್ಳಿಯಲ್ಲಿ ಮಗ್ರಿಬ್ ಮುಗಿಸಿ ಚಪ್ಪಲಿ ಹುಡುಕುತ್ತಾ ಹೊರಡುತ್ತೇವೆ.

ಅಲಂಕಾರ ಅಲ್ಲಿ ಬಹಳ ಕಡಿಮೆ. ಕಲ್ಲಿನ ಮೇಲೆ ಗಾರೆ ಬಳಿದ ಸಾದಾ ಗೋಡೆ, ಸಾದಾ ಕಂಬ. ಅಂಗಳಕ್ಕೆ ಮುಖ ಮಾಡಿದ ಒಂಬತ್ತು ಕಮಾನುಗಳಲ್ಲಿ ನಡುವಿನ ಒಂದಕ್ಕೆ ಮಾತ್ರ ಎಸಳು ಎಸಳಾಗಿ ಅಂಚು ಕೊಟ್ಟಿದ್ದಾರೆ. ಮಿಹ್ರಾಬ್ ಇಲ್ಲಿ ಎಂದು ದೂರದಿಂದ ಬಂದವನಿಗೆ ತಿಳಿಯಲು ಅಷ್ಟೇ ಸಾಕು. ಬಂಗಾರದ ಕೆಲಸ ಇರುವುದು ಮಿಹ್ರಾಬಿನಲ್ಲಿ. ಅದನ್ನು ಮಾಡಿಸಿದ್ದು ಅಲಿ ಅಲ್ಲ. ಅವನು ತೀರಿಹೋಗಿ ಅರ್ಧ ಶತಮಾನ ಕಳೆದ ಮೇಲೆ, 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದದ್ದು. ಇನ್ನೂ 50 ವರ್ಷದ ಮೇಲೆ, 1686ರಲ್ಲಿ, ಔರಂಗಜೇಬ್ ವಿಜಯಪುರವನ್ನು ಗೆದ್ದ. ಮೂಡಣ ಬದಿಯ ದೊಡ್ಡ ಬಾಗಿಲು ಅವನ ಕಾಲದ್ದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮುಸಲ್ಲಾದ ಅಳತೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಗೆರೆ ಎಳೆಸಿದ್ದೂ ಅವನೇ ಎನ್ನುತ್ತಾರೆ. ಸ್ವಫ್ ನೇರ ಮಾಡಲು ಇಮಾಮರು ಕೂಗಬೇಕಾಗಿಲ್ಲ, ನೆಲವೇ ಹೇಳುತ್ತದೆ. (ನಮ್ಮಲ್ಲಿ ಈಗ ಗೆರೆ ಇರುವ ಕಾರ್ಪೆಟ್ ಹಾಸಿದರೂ ಕೂಗಬೇಕಾಗುತ್ತದೆ, ಅದು ಬೇರೆ ವಿಷಯ.)

ಇಲ್ಲಿ ನಾನು ಕಮಿಟಿಯವರ ಗಮನ ಸೆಳೆಯಲು ಬಯಸುವುದು ಒಂದು ಸಂಗತಿಯತ್ತ. ಮೂರು ಆಳ್ವಿಕೆ, ನೂರಕ್ಕೂ ಮಿಕ್ಕಿ ವರ್ಷ. ಮೂರನೆಯವನಂತೂ ಮೊದಲಿನವರ ವಂಶದ ರಾಜ್ಯವನ್ನೇ ಕಿತ್ತುಕೊಂಡವನು, ಅವರ ಮೇಲೆ ಅವನಿಗೆ ಯಾವ ಪ್ರೀತಿಯೂ ಇರಲಿಲ್ಲ. ಹಣಕ್ಕೂ ಕೊರತೆ ಇರಲಿಲ್ಲ. ಆದರೂ ಹಿಂದಿನವರು ಕಟ್ಟಿದ್ದನ್ನು ಕೆಡವಿ ನನ್ನದೊಂದು ಕಟ್ಟುತ್ತೇನೆ ಎಂದು ಯಾರೂ ಹೊರಡಲಿಲ್ಲ. ಒಬ್ಬ ಕಟ್ಟಿದ, ಒಬ್ಬ ಬಂಗಾರ ಹಚ್ಚಿದ, ಒಬ್ಬ ಬಾಗಿಲು ಸೇರಿಸಿದ. ಸುಲ್ತಾನರಿಗೆ ಇದ್ದ ಈ ತಾಳ್ಮೆ ಮೂರು ವರ್ಷಕ್ಕೆ ಆಯ್ಕೆಯಾಗುವ ನಮ್ಮ ಅಧ್ಯಕ್ಷರು, ಕಾರ್ಯದರ್ಶಿಗಳಿಗೆ ಯಾಕೆ ಬರುವುದಿಲ್ಲವೋ.

ಇನ್ನೊಂದು ಸಂಗತಿ. ಆ ಮಸೀದಿಗೆ ಮೂಡಣ ತುದಿಯಲ್ಲಿ ಎರಡು ಮಿನಾರ ಕಟ್ಟಬೇಕೆಂದು ಯೋಜನೆ ಇತ್ತು. ಅವು ಪೂರ್ತಿಯಾಗಲೇ ಇಲ್ಲ. ಇಂದಿಗೂ ಇಲ್ಲ. ಕರ್ನಾಟಕದ ಅತಿ ದೊಡ್ಡ ಹಳೆಯ ಮಸೀದಿಗಳಲ್ಲಿ ಒಂದಾದ ಇದು ನಾಲ್ಕು ಶತಮಾನಗಳಿಂದ ಮಿನಾರವಿಲ್ಲದೆ ನಿಂತಿದೆ. ಅಲ್ಲಿ ಬಾಂಗ್ ನಿಲ್ಲಲಿಲ್ಲ, ಜುಮಾ ನಿಲ್ಲಲಿಲ್ಲ. ಹಾಲಿನ ಕೆಲಸ ಮುಗಿದರೂ ಮಿನಾರಕ್ಕೆ ದುಡ್ಡು ಸಾಲದೆ ಗಲ್ಫಿನಲ್ಲಿರುವ ಹುಡುಗರಿಗೆ ಮತ್ತೆ ಮತ್ತೆ ಫೋನ್ ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಆ ಹುಡುಗರು ದುಆ ಮಾಡಿಯಾರು.

ಈ ಕಟ್ಟಡದ ಹಿಂದಿನ ಚರಿತ್ರೆಯನ್ನು ಹೇಳುವಾಗ ನಮ್ಮವರಲ್ಲಿ ಕೆಲವರಿಗೆ ಒಂದು ಬಗೆಯ ಉಮೇದು ಬರುತ್ತದೆ. 1565ರಲ್ಲಿ ರಕ್ಕಸತಂಗಡಿಯಲ್ಲಿ ದಕ್ಕನಿನ ಸುಲ್ತಾನರು ಸೇರಿ ವಿಜಯನಗರವನ್ನು ಸೋಲಿಸಿದರು, ಆ ಗೆಲುವಿನ ಸಂಪತ್ತು ಈ ಮಸೀದಿಗೆ ಬಂತು ಎಂದು. ಗೆಲುವಿನ ನಂತರ ವಿಜಯಪುರದಲ್ಲಿ ಕಟ್ಟಡಗಳ ಕೆಲಸ ಜೋರಾದದ್ದು ಹೌದು. ಆದರೆ ಅದೇ ಅಲಿ ಆದಿಲ್ ಶಾಹ ಆ ಯುದ್ಧಕ್ಕೆ ಕೆಲವು ವರ್ಷ ಮೊದಲು, ರಾಮರಾಯನ ಮಗ ತೀರಿಕೊಂಡಾಗ, ಸಾಂತ್ವನ ಹೇಳಲು ಸ್ವತಃ ವಿಜಯನಗರಕ್ಕೆ ಹೋಗಿದ್ದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಫಿರಿಷ್ತಾ ಬರೆದಿದ್ದಾನೆ. ಫಿರಿಷ್ತಾ ಯಾರೋ ಹೊರಗಿನವನಲ್ಲ, ವಿಜಯಪುರದ ಆಸ್ಥಾನದಲ್ಲೇ ಕುಳಿತು ಬರೆದವನು. ದುಃಖಕ್ಕೆ ಹೋದ ಮನೆಯ ಮೇಲೆಯೇ ಮುಂದೆ ದಂಡೆತ್ತಿ ಹೋಗುವ ರಾಜಕೀಯ ಅದು. ಅದಕ್ಕೆ ದೀನಿನ ಬಣ್ಣ ಹಚ್ಚಿ ಹೆಮ್ಮೆಪಡಲು ಏನೂ ಇಲ್ಲ. ಕೋಪಿಸಿಕೊಂಡು ಇವತ್ತಿನ ಅಕ್ಕಪಕ್ಕದವರ ಮೇಲೆ ಹಗೆ ಸಾಧಿಸಲೂ ಏನೂ ಇಲ್ಲ. ಮಸೀದಿಯನ್ನು ನೋಡುವಾಗ ಕಟ್ಟಿಸಿದವನ ಯುದ್ಧಕ್ಕಿಂತ ಕಟ್ಟಿದವರ ಕೈ ನನಗೆ ಮುಖ್ಯವಾಗಿ ಕಾಣುತ್ತದೆ.

ಆ ಕೈಗಳನ್ನು ನೋಡಬೇಕೆಂದರೆ ವಿಜಯಪುರದಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗಂಗಾವತಿಯಿಂದ ನದಿ ದಾಟಿದರೆ ಹಂಪಿ. ಹಂಪಿಯಲ್ಲಿ ವಿರೂಪಾಕ್ಷ ದೇವಸ್ಥಾನ, ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಎಲ್ಲರಿಗೂ ಗೊತ್ತು. ಅಲ್ಲೊಂದು ಮಸೀದಿ ಇದೆ ಎಂಬುದು ನಮ್ಮ ಎಷ್ಟು ಮಂದಿಗೆ ಗೊತ್ತು? ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯ ಬದಿಯಲ್ಲಿ, ಹಿಂದೆ ಮುಸ್ಲಿಮರು ವಾಸವಿದ್ದ ಜಾಗದಲ್ಲಿ, ಅಹಮದ್ ಖಾನ್ ಎಂಬವನು ಕಟ್ಟಿಸಿದ್ದು. ಅವನು ವಿಜಯನಗರದ ಎರಡನೇ ದೇವರಾಯನ ಅಧಿಕಾರಿ. ಕಟ್ಟಿಸಿದ್ದು 1439ರಲ್ಲಿ, ಅಂದರೆ ರಕ್ಕಸತಂಗಡಿ ಯುದ್ಧಕ್ಕಿಂತ 126 ವರ್ಷ ಮೊದಲು. ಅಲ್ಲಿರುವ ಶಾಸನ ಅರಬಿಯಲ್ಲಿಲ್ಲ, ಫಾರ್ಸಿಯಲ್ಲಿಲ್ಲ, ಕನ್ನಡದಲ್ಲಿದೆ. ತನ್ನ ದೊರೆ ದೇವರಾಯನಿಗೆ ಪುಣ್ಯವಾಗಲೆಂದು ಧರ್ಮಶಾಲೆಯನ್ನೂ ಬಾವಿಯನ್ನೂ ಮಾಡಿಸಿದೆ ಎಂಬುದು ಅದರ ಸಾರ. ಮಸೀದಿಗೆ ಅವನು ಇಟ್ಟ ಹೆಸರು ಧರ್ಮಶಾಲೆ.

ಮದ್ರಸದ ದೊಡ್ಡ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿನ ಮಕ್ಕಳು ನಮ್ಮನ್ನು ಉಸ್ತಾದ್ ಎನ್ನುವುದಿಲ್ಲ, ಹಜ್ರತ್ ಎನ್ನುತ್ತಾರೆ. ಒಬ್ಬ ಹುಡುಗ ಒಳಗೆ ಕಾಲಿಡದೆ ಹೊರಗೇ ನಿಂತುಬಿಟ್ಟ. "ಹಜ್ರತ್, ಇದು ಗುಡಿ ಅಲ್ಲೇನ್ರೀ?" ಎಂದ. ಅವನು ಕೇಳಿದ್ದು ಸರಿಯೇ. ಗುಮ್ಮಟವಿಲ್ಲ. ಮಿನಾರವಿಲ್ಲ. ಮುಂಭಾಗದಲ್ಲಿ ಕಮಾನು ಕೂಡ ಇಲ್ಲ. ಚಪ್ಪಟೆ ಕಲ್ಲಿನ ಮಾಡು, ಸಾಲು ಕಂಬ, ಹಂಪಿಯ ನೂರಾರು ಮಂಟಪಗಳಲ್ಲಿ ಇರುವಂಥದ್ದೇ ಕಂಬ. ಎದುರಿನ ಮಂಟಪ ಕಟ್ಟಿದ ಕಲ್ಲುಕುಟಿಗರೇ ಇದನ್ನೂ ಕಟ್ಟಿದವರು ಎಂದು ನೋಡಿದ ಕೂಡಲೇ ತಿಳಿಯುತ್ತದೆ. "ಒಳಗೆ ಬಾ, ಪಶ್ಚಿಮದ ಗೋಡೆ ನೋಡು" ಎಂದೆ. ಗೋಡೆಯಲ್ಲಿ ಒಂದು ಗೂಡು ಇದೆ. ಮಿಹ್ರಾಬ್. ಹುಡುಗ ಅದರ ಎದುರು ನಿಂತು, ತಿರುಗಿ, ತಾನು ಬಂದ ದಿಕ್ಕನ್ನು ನೋಡಿ, ಮತ್ತೆ ಗೂಡನ್ನು ನೋಡಿ, "ಹೌದ್ರಿ, ಕಿಬ್ಲಾ ಸರಿ ಐತ್ರಿ" ಎಂದ. ಆ ಮಾತು ಕೇಳಿ ನನಗಾದ ಖುಷಿ ಪರೀಕ್ಷೆಯಲ್ಲಿ ಅವನಿಗೆ ನೂರಕ್ಕೆ ನೂರು ಬಂದಿದ್ದರೂ ಆಗುತ್ತಿರಲಿಲ್ಲ. ಮಸೀದಿಗೆ ಬೇಕಾದದ್ದು ಏನು ಎಂಬುದನ್ನು ಅವನು ಎರಡು ಶಬ್ದದಲ್ಲಿ ಹೇಳಿಬಿಟ್ಟಿದ್ದ.

ಪಕ್ಕದಲ್ಲೇ ಒಂದು ಗೋರಿ ಕಟ್ಟಡವಿದೆ, ಅದಕ್ಕೆ ಗುಮ್ಮಟ ಇದೆ. ಅಂದರೆ ಗುಮ್ಮಟ ಕಟ್ಟಲು ಬರುತ್ತಿರಲಿಲ್ಲವೆಂದಲ್ಲ. ಮಸೀದಿಗೆ ಅದು ಬೇಕು ಅನ್ನಿಸಲಿಲ್ಲ ಅಷ್ಟೆ. ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಬಿಲ್ಲುಗಾರರು, ಕುದುರೆ ಸವಾರರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರಿಗೆ ರಾಜ ಮಸೀದಿ ಕಟ್ಟಿಸಿಕೊಟ್ಟ, ಅವರ ಆರಾಧನೆಗೆ ಯಾರೂ ಅಡ್ಡಿ ಮಾಡಬಾರದೆಂದು ಅಪ್ಪಣೆ ಮಾಡಿದ ಎಂದು ಫಿರಿಷ್ತಾನೇ ಬರೆಯುತ್ತಾನೆ. ಹೀಗಾಗಿ ಅಹಮದ್ ಖಾನ್ ಯಾರಿಗೋ ಹೆದರಿ ಮಸೀದಿಯನ್ನು ಮಂಟಪದ ಹಾಗೆ ಕಟ್ಟಿದ ಎಂದು ನನಗೆ ಅನ್ನಿಸುವುದಿಲ್ಲ. ಊರಿನಲ್ಲಿ ಸಿಗುವ ಕಲ್ಲು ಇದು, ಊರಿನ ಕೆಲಸಗಾರರಿಗೆ ಗೊತ್ತಿರುವ ಕೆಲಸ ಇದು, ಹಾಗಾಗಿ ಮಸೀದಿ ಹೀಗೆ.

ಪಳ್ಳಿಗೆ ಇಂಥದೇ ಆಕಾರ ಬೇಕೆಂದು ದೀನಿನಲ್ಲಿ ಎಲ್ಲೂ ಇಲ್ಲ. ಮದ್ರಸದಲ್ಲಿ ನಾವು ಮಕ್ಕಳಿಗೆ ಕಲಿಸುವ ಸೀರಾದಲ್ಲೇ ಇದಕ್ಕೆ ಉತ್ತರವಿದೆ. ಮದೀನಾದಲ್ಲಿ ರಸೂಲರು ಕಟ್ಟಿದ ಮಸೀದಿಗೆ ಖರ್ಜೂರದ ಬೊಡ್ಡೆಗಳೇ ಕಂಬ, ಅದರ ಗರಿಗಳೇ ಮಾಡು. ಮಳೆ ಬಂದಾಗ ಸೋರುತ್ತಿತ್ತು. ರಮಝಾನಿನ ಒಂದು ಇರುಳು ಮಳೆ ಬಂದು, ಸುಜೂದ್ ಮಾಡಿ ಎದ್ದಾಗ ಅವರ ಹಣೆಯಲ್ಲಿ ಕೆಸರು ಅಂಟಿತ್ತು ಎಂಬ ಹದೀಸ್ ಎಲ್ಲರಿಗೂ ಗೊತ್ತು. ಇಂದು ನಾವು ಕಾಣುವ ಮಿಹ್ರಾಬಿನ ಗೂಡು ಆಗ ಇರಲಿಲ್ಲ. ಉಮರ್ ಬಿನ್ ಅಬ್ದುಲ್ ಅಝೀಝ್ ಮದೀನಾದ ಅಧಿಕಾರಿಯಾಗಿದ್ದಾಗ ಮಸೀದಿಯನ್ನು ವಿಸ್ತರಿಸಿದರಲ್ಲ, ಆಗ ಬಂದದ್ದು. ಮಿನಾರವೂ ಗುಮ್ಮಟವೂ ಆಮೇಲೆ ಬಂದವು. ತಪ್ಪೆಂದು ನಾನು ಹೇಳುತ್ತಿಲ್ಲ, ಕಟ್ಟಬಹುದು. ಆದರೆ ಅದಿಲ್ಲದಿದ್ದರೆ ಪಳ್ಳಿಯ ಹಾಗೆ ಕಾಣುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಮಳೆಯ ಮಾತು ಬಂತು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು. ವಿಜಯಪುರದವರಿಗೆ ದೊಡ್ಡ ತೆರೆದ ಅಂಗಳ ಬೇಕು, ಸಂಜೆಯ ಗಾಳಿ ಬೇಕು, ದಪ್ಪ ಗೋಡೆಯ ತಂಪು ಬೇಕು. ಚಪ್ಪಟೆ ಮಾಡು ಅವರಿಗೆ ನಡೆಯುತ್ತದೆ. (ಅಲ್ಲೂ ಒಂದೇ ಪದ್ಧತಿ ಅಂತಿಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು, ಅದಕ್ಕೆ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮಾಡು ಹೊದಿಸಿದ್ದಾರೆ.) ನಮ್ಮ ಕರಾವಳಿಯ ಹಿರಿಯರಿಗೆ ಬೇಕಾದದ್ದು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಜಾರಿ ಹೋಗಲು ಇಳಿಜಾರಾದ ಮಾಡು ಬೇಕು. ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಸೂರು ಬೇಕು. ಸೆಕೆಗೆ ಮರದ ಮುಚ್ಚಿಗೆ ಬೇಕು. ಅದನ್ನೇ ಅವರು ಕಟ್ಟಿದರು. ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚನ್ನು ನಮ್ಮ ಪಳ್ಳಿಗಳೂ ಹೊದ್ದುಕೊಂಡವು. ಕ್ರೈಸ್ತ ಮಿಶನರಿಗಳ ಹೆಂಚು, ಊರಿನ ಆಚಾರಿಗಳ ಮರಗೆಲಸ, ಕಡಿದದ್ದು ಇಲ್ಲಿನದೇ ಮುರಕಲ್ಲು, ಒಳಗೆ ಕಿಬ್ಲಾದ ಕಡೆ ಮುಖ ಮಾಡಿದ ನಾವು. ಅಹಮದ್ ಖಾನನ ಧರ್ಮಶಾಲೆಯ ಕಥೆಗೂ ಇದಕ್ಕೂ ವ್ಯತ್ಯಾಸ ಏನಿದೆ ಹೇಳಿ.

ಈ ಸಂಪತ್ತು ಎಷ್ಟು ಹಳೆಯದು ಎಂಬ ಅಂದಾಜು ನಮಗೆ ಇರಬೇಕು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದರು, ಅವರಿಗೆ ಶಾಫಿ ಮದ್‌ಹಬಿನ ಒಬ್ಬ ಖಾಝಿ ಇದ್ದರು ಎಂದು ಬರೆದಿದ್ದಾನೆ. ಹಂಪಿಯ ಮಸೀದಿಗಿಂತಲೂ ಹಿಂದಿನ ಮಾತು ಇದು. ವಿಜಯಪುರದ ಆದಿಲ್ ಶಾಹಿ ಆಗ ಹುಟ್ಟಿಯೇ ಇರಲಿಲ್ಲ. ಬಂದರ್‌ನ ಝೀನತ್ ಬಕ್ಷ್ ಜುಮಾ ಮಸೀದಿಯ ಪರಂಪರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಹಿಜರಿ 22ರಲ್ಲಿ ಮಾಲಿಕ್ ದೀನಾರ್ ಬಳಗದವರಿಂದ ಸ್ಥಾಪನೆಯಾಯಿತು, ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣವಾಯಿತು ಎಂಬುದು ತಲೆಮಾರುಗಳಿಂದ ಬಂದ ಪ್ರತೀತಿ. ಅದರ ಒಳಪಳ್ಳಿಯ ಮರದ ಕಂಬಗಳು, ಮೇಲಿನ ಕೆತ್ತನೆ ಇವತ್ತೂ ಇವೆ. ಜನ ಹೆಚ್ಚಾದಂತೆ ಸುತ್ತ ವಿಸ್ತರಿಸಿದರು, ಒಳಗಿನದನ್ನು ಮುಟ್ಟಲಿಲ್ಲ. ವಿಜಯಪುರ ದೂರವಾಯಿತು ಎನ್ನುವವರಿಗೆ ಬಂದರ್ ಹತ್ತಿರವೇ ಇದೆ.

ಈಗ ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತಿಲ್ಲದೆ ಇಲ್ಲ. "ಉಸ್ತಾದ್, ನೀವು ದೂರದಲ್ಲಿ ಕುಳಿತು ಬರೆಯುತ್ತೀರಿ. ಜುಮಾಕ್ಕೆ ಬಂದವರು ರಸ್ತೆಯಲ್ಲಿ ನಿಲ್ಲುತ್ತಾರೆ." ನ್ಯಾಯವಾದ ಮಾತು. ಜಾಗ ಸಾಲದಿದ್ದರೆ ವಿಸ್ತರಿಸಲೇಬೇಕು. ಆದರೆ ವಿಸ್ತರಿಸುವುದು ಮತ್ತು ಕೆಡವುವುದು ಎರಡೂ ಒಂದೇ ಅಲ್ಲ. ಮಿಹ್ರಾಬ್ ಇರುವ ಒಳಪಳ್ಳಿಯನ್ನು ಹಾಗೇ ಬಿಟ್ಟು ಮೂಡಣಕ್ಕೆ, ಬದಿಗಳಿಗೆ ಹಾಲು ಸೇರಿಸಬಹುದು. ಸ್ವಫ್ ಮುಂದುವರಿಯುತ್ತದೆ, ಹಳೆಯದೂ ಉಳಿಯುತ್ತದೆ.

"ಒರಲೆ ಹಿಡಿದಿದೆ, ಪಕ್ಕಾಸು ಕುಂಬಾಗಿದೆ." ಹೌದು, ಮರಕ್ಕೆ ಒರಲೆ ಹಿಡಿಯುತ್ತದೆ. ಆದರೆ ಮರದ ಕಟ್ಟಡದ ಗುಣವೇ ಅದು, ಹಾಳಾದ ಒಂದು ಪಕ್ಕಾಸನ್ನು ಬಿಚ್ಚಿ ಹೊಸದು ಹಾಕಬಹುದು, ಒಡೆದ ನಾಲ್ಕು ಹೆಂಚು ಬದಲಿಸಬಹುದು. ಸಮುದ್ರದ ಉಪ್ಪು ಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬಿನ ಗಾರೆ ಉದುರಲು ಶುರುವಾದರೆ ಏನು ಮಾಡುತ್ತೀರಿ? ಹೊಸ ಸ್ಲ್ಯಾಬ್ ಸೋರಿ ಅದರ ಮೇಲೆ ತಗಡಿನ ಶೀಟು ಹಾಕಿದ ಪಳ್ಳಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಳಿಜಾರು ಮಾಡನ್ನು ಕೆಡವಿ, ಲಕ್ಷಗಟ್ಟಲೆ ಖರ್ಚು ಮಾಡಿ, ಕೊನೆಗೆ ಮತ್ತೆ ಇಳಿಜಾರು ಮಾಡಿಗೇ ಬಂದದ್ದು. ಎಡೆಯಲ್ಲಿ ಮುಚ್ಚಿಗೆಯ ತಂಪು ಹೋಯಿತು, ಎಸಿಯ ಕರೆಂಟು ಬಿಲ್ಲು ಬಂತು.

ಹೆಚ್ಚು ಬೇಸರ ತರುವುದು ಮೂರನೆಯ ಮಾತು. "ದುಡ್ಡು ಕೊಡುವವರು ಹೊಸದಕ್ಕೆ ಕೊಡುತ್ತಾರೆ, ರಿಪೇರಿಗೆ ಯಾರೂ ಕೊಡುವುದಿಲ್ಲ." ಇದು ಸತ್ಯ. ಹೊಸ ಪಳ್ಳಿಗೆ ಕಲ್ಲಿನ ಫಲಕ ಇರುತ್ತದೆ, ಉದ್ಘಾಟನೆಗೆ ವೇದಿಕೆ ಇರುತ್ತದೆ. ಪಕ್ಕಾಸು ಬದಲಿಸಿದವನಿಗೆ ಅದೇನೂ ಇಲ್ಲ. ಇಲ್ಲಿ ಖತೀಬರು, ಮುಅಲ್ಲಿಮರು ಬಾಯಿ ತೆರೆಯಬೇಕು. ಅಲ್ಲಾಹನ ಭವನವನ್ನು ಚೆನ್ನಾಗಿ ಇಡುವುದೂ ಕಟ್ಟಿದಷ್ಟೇ ದೊಡ್ಡ ಅಮಲ್ ಎಂದು ಮಿಂಬರಿನಿಂದ ಹೇಳಬೇಕು. ಮಸೀದಿ ಗುಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ಮರಣ ಹೊಂದಿದಾಗ ತನಗೆ ತಿಳಿಸಲಿಲ್ಲವೇಕೆ ಎಂದು ಕೇಳಿ, ಅವಳ ಕಬರಿನ ಬಳಿಗೆ ಹೋಗಿ ಜನಾಝ ನಮಾಝ್ ಮಾಡಿದವರು ನಮ್ಮ ರಸೂಲರು. ಗುಡಿಸಿದವಳಿಗೆ ಅಷ್ಟು ಮರ್ಯಾದೆ ಇದ್ದರೆ ಮಾಡು ದುರಸ್ತಿ ಮಾಡಿದವನಿಗೆ ಇರುವುದಿಲ್ಲವೇ?

ವಕ್ಫ್ ಎಂಬ ಶಬ್ದದ ಅರ್ಥವನ್ನೂ ಜಮಾಅತ್ ಸಭೆಯಲ್ಲಿ ಒಮ್ಮೆ ಬಿಡಿಸಿ ಹೇಳಬೇಕು. ಅದು ತಡೆದು ನಿಲ್ಲಿಸಿದ ಸೊತ್ತು. ಹಿಂದಿನವರು ಕೊಟ್ಟದ್ದು, ಮುಂದಿನವರಿಗೆ ಸೇರಬೇಕಾದದ್ದು. ನಡುವಿನ ನಾವು ನೋಡಿಕೊಳ್ಳುವವರು, ಮಾಲಕರಲ್ಲ. ನೂರು ವರ್ಷದ ಹಿಂದೆ ಮೀನು ಮಾರಿ, ಬೀಡಿ ಕಟ್ಟಿ, ಅಕ್ಕಿ ಮೂಟೆ ಹೊತ್ತು ನಾಲ್ಕಾಣೆ ಕೊಟ್ಟವರ ಕಂಬ ಅದು. ಅದನ್ನು ಹಳೆ ಮರದ ವ್ಯಾಪಾರಿಗೆ ತೂಕಕ್ಕೆ ಮಾರುವಾಗ ಒಂದು ಕ್ಷಣವಾದರೂ ಕೈ ನಡುಗಬೇಕಲ್ವಾ? ಪೇಟೆಯ ಹೋಟೆಲು, ರೆಸಾರ್ಟಿನವರು ಅದೇ ಕಂಬವನ್ನು ಕೊಂಡು, ಪಾಲಿಶ್ ಮಾಡಿ, ಬಾಗಿಲಲ್ಲಿ ನಿಲ್ಲಿಸಿ ಅಂದ ನೋಡುತ್ತಾರೆ. ಅದರ ಬೆಲೆ ಅವರಿಗೆ ಗೊತ್ತಾಗಿದೆ.

ಕೆಡವಲೇಬೇಕೆಂದು ತೀರ್ಮಾನವಾದ ಕಡೆಯೂ ಮಾಡಬಹುದಾದ ಕೆಲಸ ಇದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಮೊದಲು ಒಬ್ಬ ಇಂಜಿನಿಯರನ್ನು ಕರೆದು ನಿಜವಾಗಿ ಬೀಳುವ ಸ್ಥಿತಿಯಲ್ಲಿದೆಯೇ ಎಂದು ಬರಹದಲ್ಲಿ ಕೇಳಿ. ಹೊಸ ಕಟ್ಟಡದ ಗುತ್ತಿಗೆ ಸಿಗುವವನನ್ನೇ ಕೇಳಬೇಡಿ. ನಿಮ್ಮ ಊರಿನಲ್ಲೇ ಇಂಜಿನಿಯರಿಂಗ್ ಕಲಿಯುವ ಹುಡುಗ ಹುಡುಗಿಯರು ಇದ್ದಾರೆ, ಟೇಪು ಹಿಡಿದು ಉದ್ದ, ಅಗಲ, ಕಂಬದ ಎತ್ತರ ಅಳೆದು ನಕ್ಷೆ ಮಾಡಲು ಅವರಿಗೆ ಹೇಳಿ. ಎಂಬತ್ತು ದಾಟಿದ ಅಜ್ಜಂದಿರು ಇನ್ನೂ ಇದ್ದಾರೆ. ಹೌಳ್ ತೋಡಿದ್ದು ಯಾರು, ಮರ ಎಲ್ಲಿಂದ ಬಂತು, ಆಚಾರಿಯ ಹೆಸರೇನು, ಯಾವ ಮನೆಯವರು ಎಂದು ಕೇಳಿ ಕಮಿಟಿಯ ಪುಸ್ತಕದಲ್ಲಿ ಬರೆದಿಡಿ. ಮಿಂಬರ್, ಮಿಹ್ರಾಬಿನ ಮರದ ಚೌಕಟ್ಟು, ಕೆತ್ತನೆಯ ತೊಲೆ ಇವನ್ನು ಹೊಸ ಪಳ್ಳಿಯೊಳಗೇ ಕೂರಿಸಲು ನಕ್ಷೆಯಲ್ಲೇ ಜಾಗ ಬಿಡಿಸಿ. ಕೆಲವು ಹಳೆ ಪಳ್ಳಿಗಳಲ್ಲಿ ಬಾಗಿಲಿನ ಮೇಲೋ ತೊಲೆಯ ಮೇಲೋ ಅರಬಿಯಲ್ಲಿ ಕೆತ್ತಿದ ಬರಹ ಇರುತ್ತದೆ. ಬಣ್ಣದ ಮೇಲೆ ಬಣ್ಣ ಹೊಡೆದು ಮುಚ್ಚಿಹೋಗಿರುತ್ತದೆ, ವರ್ಷವೂ ಅದರಲ್ಲೇ ಇರಬಹುದು. ಕೆಲಸದವರು ಬರುವ ಮೊದಲು ಒಂದು ಏಣಿ ತಂದು, ಮದ್ರಸದ ಉಸ್ತಾದರನ್ನು ಮೇಲೆ ಹತ್ತಿಸಿ ಅದನ್ನು ಓದಿಸಿ.